ಚೀಟಿ ಸರಿಯಿದೆ, ಮುಖ ತಪ್ಪಾಗಿದೆ

ಬಹಳ ಹಿಂದಿನ ಮಾತು. ಎಷ್ಟು ಹಿಂದೆ ಎಂದರೆ, ಎದುರಿಗೆ ನಿಂತ ಮನುಷ್ಯನನ್ನು ಕಣ್ಣಾರೆ ಕಂಡರೆ ಸಾಕು, ಅವನು ಇದ್ದಾನೆ ಎಂದು ಜನ ನಂಬಿಬಿಡುತ್ತಿದ್ದ ಕಾಲ. ಆ ಅಜ್ಞಾನದ ಕಾಲದಲ್ಲಿ ದರ್ಪಣಾವತಿ ಎಂಬೊಂದು ರಾಜ್ಯವಿತ್ತು. ಅದನ್ನು ಶ್ರೀಮನ್ಮಹಾರಾಜ ಮುಕುರವರ್ಮ ಭೂಪಾಲರು ಆಳುತ್ತಿದ್ದರು. ಆಳುವುದೆಂದರೆ ಬೇರೇನಲ್ಲ, ಕಾಣಿಸಿಕೊಳ್ಳುವುದು. ಗೊಬ್ಬರದ ಚೀಲದ ಮೇಲೆ ಅವರು, ಬಸ್ ನಿಲ್ದಾಣದ ಗೋಡೆಯ ಮೇಲೆ ಅವರು, ಸಾರ್ವಜನಿಕ ಶೌಚಾಲಯದ ಉದ್ಘಾಟನಾ ಫಲಕದ ಮೇಲೂ ಅವರೇ, ಕೈಮುಗಿದು ನಗುತ್ತ.

ಆಸ್ಥಾನ ಚಿತ್ರಕಾರನಿಗೆ ಇದ್ದದ್ದು ಒಂದೇ ನಿಯಮ. ವರ್ಷಕ್ಕೊಂದು ಹೊಸ ಭಾವಚಿತ್ರ ಬರೆಯಬೇಕು, ಅದರಲ್ಲಿ ಹಳೆಯದಕ್ಕಿಂತ ಸುಕ್ಕು ಕಡಿಮೆ ಇರಬೇಕು. ಹೀಗಾಗಿ ಮಹಾರಾಜರಿಗೆ ವಯಸ್ಸು ಏರಿದಷ್ಟೂ ಭಾವಚಿತ್ರಕ್ಕೆ ವಯಸ್ಸು ಇಳಿಯುತ್ತ ಬಂತು. ಕೆನ್ನೆ ಉಬ್ಬಿತು, ಗದ್ದ ಗುಂಡಗಾಯಿತು, ಬೋಳು ನೆತ್ತಿಯ ಮೇಲೆ ನವುರಾದ ಕೂದಲು ಹುಟ್ಟಿತು. ಮೀಸೆಯೊಂದನ್ನು ಮಾತ್ರ ಚಿತ್ರಕಾರ ಮುಟ್ಟಲಿಲ್ಲ. ಅದು ವಂಶದ ಲಾಂಛನ.

ಒಂದು ಸಂಜೆ ಮಹಾರಾಜರು ಉಪ್ಪರಿಗೆಯ ಮೇಲೆ ನಿಂತು ಕೆಳಗೆ ನೋಡಿದರು.

"ತಥಾಸ್ತುರಾಯರೇ, ಇಷ್ಟೊಂದು ಜನ ಓಡಾಡುತ್ತಿದ್ದಾರಲ್ಲ, ಯಾರಿವರು?"

ಮಹಾಮಂತ್ರಿ ತಥಾಸ್ತುರಾಯರು ಬಾಗಿದರು. ಅವರು ನೆಟ್ಟಗೆ ನಿಂತದ್ದನ್ನು ಕಂಡವರೇ ಇಲ್ಲ. "ತಮ್ಮ ಪ್ರಜೆಗಳು, ಪ್ರಭು."

"ಹಾಗಂತ ಯಾರು ಹೇಳಿದರು?"

"ಅವರೇ ಹೇಳಿಕೊಳ್ಳುತ್ತಾರೆ."

"ಕಂಡವರ ಮಾತು ಕಟ್ಟಿಕೊಂಡು ರಾಜ್ಯವಾಳುವುದೇನ್ರೀ?"

"ಆಹಾ! ಈ ಪ್ರಶ್ನೆ ಹೊಳೆಯುವಂಥ ತಲೆಗಾಗಿ ಈ ಸಿಂಹಾಸನ ಇಷ್ಟು ಶತಮಾನ ಕಾದು ಕೂತಿತ್ತು, ಪ್ರಭು!"

ಹೀಗೆ ಮಹಾನೋಂದಣಿ ಯೋಜನೆ ಜನ್ಮ ತಾಳಿತು. ಇನ್ನು ಮೇಲೆ ಹುಟ್ಟು ನೋಂದಣಿಯಾಗದೆ ಯಾರೂ ಹುಟ್ಟುವಂತಿಲ್ಲ, ಸಾವು ನೋಂದಣಿಯಾಗದೆ ಯಾರೂ ಸಾಯುವಂತಿಲ್ಲ, ನಡುವಿನ ಅವಧಿಯಲ್ಲಿ ಪ್ರತಿಯೊಬ್ಬರೂ ಗುರುತಿನ ಚೀಟಿಯೊಂದಿಗೆ ಲಿಂಕ್ ಆಗಿರತಕ್ಕದ್ದು. ಚೀಟಿಯ ವಿನ್ಯಾಸಕ್ಕೆಂದು ಸಂಪುಟ ಸಭೆ ಸೇರಿತು. ಕಂದಾಯ ಮಂತ್ರಿಗಳು ಚೀಟಿಯ ಕಾಲು ಭಾಗದಲ್ಲಿ ಮಹಾರಾಜರ ಚಿತ್ರವಿರಲಿ ಎಂದರು. ಹಾಗಾದರೆ ನಿಷ್ಠೆಯೂ ಕಾಲು ಭಾಗವೋ ಎಂದು ಕೇಳಿದ ದಂಡನಾಯಕರು ಅರ್ಧ ಬೇಡಿದರು. ಊಟದ ಹೊತ್ತಿಗೆ ಚಿತ್ರ ಚೀಟಿಯನ್ನೆಲ್ಲ ತುಂಬಿಕೊಂಡಿತು.

ನೋಂದಣಾಧಿಪತಿ ಮೊಹರಯ್ಯನವರು ಮೆಲ್ಲಗೆ ಕೇಳಿದರು. "ಚೀಟಿ ಇಟ್ಟುಕೊಳ್ಳುವವನ ಮುಖಕ್ಕೆ ಜಾಗ?"

"ಅವನ ಮುಖ ಅವನ ಹತ್ತಿರವೇ ಇದೆಯಲ್ಲ," ಎಂದರು ತಥಾಸ್ತುರಾಯರು. "ಮತ್ತೆ ಮುದ್ರಿಸುವುದು ದುಂದುವೆಚ್ಚ."

ಇತ್ತ ಇನ್ನೊಂದು ಇಲಾಖೆ ಮುಖಮಾಪಕ ಯಂತ್ರವನ್ನು ತರಿಸಿತ್ತು. ಹಿತ್ತಾಳೆಯ ಕೊಳವೆ. ಅದರ ಮುಂದೆ ಪ್ರಜೆ ನಿಲ್ಲಬೇಕು. ಚೀಟಿಯ ಮೇಲಿನ ಚಿತ್ರಕ್ಕೂ ಪ್ರಜೆಯ ಮುಖಕ್ಕೂ ಎಷ್ಟು ಹೋಲಿಕೆ ಎಂದು ಮುಳ್ಳು ತೋರಿಸುತ್ತದೆ. ಒಂದು ಇಲಾಖೆ ಇನ್ನೊಂದರ ಜೊತೆ ಮಾತಾಡುವ ಪದ್ಧತಿ ಆ ಕಾಲದಲ್ಲಿ ಇರಲಿಲ್ಲ, ಓದುಗರು ಕ್ಷಮಿಸಬೇಕು.

ಮೊದಲ ದಿನ ಬಂದವರೆಲ್ಲ ನಪಾಸು. ಮೊಹರಯ್ಯನವರು ವರದಿ ಒಪ್ಪಿಸಿದರು. "ಪ್ರಭು, ಚೀಟಿಗಳೆಲ್ಲ ಸರಿಯಿವೆ. ಮುಖಗಳು ತಪ್ಪಾಗಿವೆ."

ಮಹಾರಾಜರು ದಯಾಳುಗಳು. ನೂರಕ್ಕೆ ಮೂವತ್ತೈದು ಬಂದರೆ ಪಾಸು ಎಂದು ಅಪ್ಪಣೆಯಾಯಿತು. ಮುಖ ತಿದ್ದುಪಡಿಗೆ ಕಾಲಾವಕಾಶವನ್ನೂ ಕೊಟ್ಟರು. ಆಡಿನ ಕೂದಲಿನ ಮೀಸೆಗಳು ಸಂತೆಗೆ ಬಂದವು, ಮೀಸೆಯ ಮೇಲೆ ತೆರಿಗೆ ಬಂತು. ಹೆಂಗಸರು, ಸನ್ಯಾಸಿಗಳು, ಪೊಲೀಸರು, ಎಲ್ಲರೂ ದವಡೆಗೆ ಹತ್ತಿ ತುರುಕಿಕೊಂಡು ಕೆನ್ನೆ ಉಬ್ಬಿಸಿ ತಿರುಗಿದರು. ಅಷ್ಟಾದರೂ ಪಾಸಾಗದವರು ವಿದೇಶಿಯರು. ಅವರನ್ನು ದೋಣಿ ಹತ್ತಿಸಿ ನದಿಯಾಚೆ ಬಿಡಲಾಗುತ್ತಿತ್ತು. ನದಿಯಾಚೆ ದೇಶವೇನೂ ಇರಲಿಲ್ಲ. ಮರಳುದಿಣ್ಣೆಯಿತ್ತು.

ಆ ಊರಲ್ಲಿ ಹಾಲವ್ವ ಎಂಬ ಹೆಣ್ಣುಮಗಳು ಮಂಡಕ್ಕಿ ಭಟ್ಟಿಯಲ್ಲಿ ದುಡಿಯುತ್ತಿದ್ದಳು. ಅವಳ ಗಂಡನಿಗೆ ಯಂತ್ರದಲ್ಲಿ ಇಪ್ಪತ್ತೆಂಟೇ ಬಂದು, ಅವನು ಆಗಲೇ ಮರಳುದಿಣ್ಣೆ ಸೇರಿದ್ದ. ಅವಳಿಗೆ ಮೂವತ್ತಾರು ಬಂದಿತ್ತು. ಈಗ ಅವಳ ಮಡಿಲಲ್ಲಿ ಹುಣ್ಣಿಮೆಗೆ ತಿಂಗಳು ತುಂಬುವ ಹೆಣ್ಣುಕೂಸು, ಈರಿ. ತಿಂಗಳೊಳಗೆ ನೋಂದಣಿಯಾಗದ ಕೂಸು ವಿದೇಶಿ, ಅದಕ್ಕೂ ದೋಣಿಯೇ ಗತಿ.

ಹಾಲವ್ವ ಸಾಲಿನಲ್ಲಿ ನಿಂತಳು. ಮುಂದಿದ್ದವಳು ನೆರೆಮನೆಯ ತಿಪ್ಪಮ್ಮ. ಎಡಗಡೆ ಮೀಸೆ ಕಿತ್ತು ಬಂದಿತ್ತು.

"ಅಂಟಿಸ್ಕೊಳ್ಳೇ, ಬಿದ್ದೀತು," ಎಂದಳು ಹಾಲವ್ವ.

"ಬೀಳ್ಲಿ ಬಿಡು. ಮದುವ್ಯಾಗಿ ಇಪ್ಪತ್ತು ವರ್ಷಕ್ಕ ನಮ್ಮನಿಯಾಂವ ನಿನ್ನೆ ನನಗ ಹೆದರಿದ್ದ. ಈ ಮೀಸೆ ನೋಡಿ."

ಕಿಟಕಿಯಲ್ಲಿ ಮೊಹರಯ್ಯನವರೇ ಕೂತಿದ್ದರು. "ಕೂಸಿನ ಹೆಸರು? ಸರಿ. ಯಾವ ಗಡಿ ದಾಟಿ ಬಂತು?"

"ಗಡಿ ಎಲ್ಲೀದ್ರೀ ಯಪ್ಪಾ? ನನ್ನ ಹೊಟ್ಟಿ ದಾಟಿ ಬಂತು."

"ಆ ದಾರಿ ನಮ್ಮ ಪಟ್ಟಿಯಲ್ಲಿಲ್ಲ. ಕೊಳವೆ ಮುಂದೆ ಹಿಡಿ."

ಕೂಸಿಗೆ ಅಂಟಿಸುವಷ್ಟು ಚಿಕ್ಕ ಮೀಸೆ ಸಂತೆಯಲ್ಲಿ ಸಿಕ್ಕಿರಲಿಲ್ಲ. ಹಾಲವ್ವ ಭಟ್ಟಿಯ ಮಸಿಯನ್ನು ಸೆರಗಿನ ತುದಿಯಲ್ಲಿ ಕಟ್ಟಿ ತಂದಿದ್ದಳು. ಕಿರುಬೆರಳಲ್ಲಿ ಅದ್ದಿ, ಮಲಗಿದ ಈರಿಯ ಮೂಗಿನ ಕೆಳಗೆ ಎರಡು ಗೆರೆ ಎಳೆದಳು. ಮೂವತ್ತೈದು ಬರಲಿ ಸಾಕು ಎಂದು ಕಣ್ಣು ಮುಚ್ಚಿದಳು.

ಮುಳ್ಳು ಮೂವತ್ತೈದರಲ್ಲಿ ನಿಲ್ಲಲಿಲ್ಲ, ಎಪ್ಪತ್ತರಲ್ಲೂ ನಿಲ್ಲಲಿಲ್ಲ. ತೊಂಬತ್ತೆಂಟಕ್ಕೆ ಹೋಗಿ ನಡುಗುತ್ತ ನಿಂತಿತು. ಯಂತ್ರದ ಮೇಲಿದ್ದ ಗಂಟೆ ತಾನಾಗಿ ಮೊಳಗತೊಡಗಿತು. ತೊಂಬತ್ತು ದಾಟಿದವರು ಮಹಾರಾಜರೇ ಆಗಿರತಕ್ಕದ್ದು, ಗಂಟೆ ಮೊಳಗಿದ ಕೂಡಲೆ ಸಿಬ್ಬಂದಿಯೆಲ್ಲ ಸಾಷ್ಟಾಂಗ ಬೀಳತಕ್ಕದ್ದು ಎಂದು ನಿಯಮಾವಳಿಯಲ್ಲಿತ್ತು. ಬಿದ್ದರು. ಉಬ್ಬಿದ ಕೆನ್ನೆ, ಗುಂಡು ಗದ್ದ, ನವುರು ಕೂದಲು, ಮೀಸೆ! ಇಷ್ಟು ವರ್ಷ ಚಿತ್ರಕಾರ ಬರೆಯುತ್ತ ಬಂದದ್ದು ಇದನ್ನೇ.

ಸುದ್ದಿ ಕೇಳಿ ಮುಕುರವರ್ಮರು ಪಲ್ಲಕ್ಕಿಯಲ್ಲಿ ಧಾವಿಸಿ ಬಂದರು. "ಏನಿದು ಹುಚ್ಚಾಟ! ನಾನಿನ್ನೂ ಇದ್ದೇನೆ!"

"ಇಲ್ಲಿಗೆ ಬಂದವರೆಲ್ಲ ಹಾಗೇ ಹೇಳುತ್ತಾರೆ," ಎಂದರು ಮೊಹರಯ್ಯ, ನೆಲದಿಂದಲೇ. "ಕೊಳವೆ ಮುಂದೆ ನಿಲ್ಲಿ."

ಮುಳ್ಳು ಮೂವತ್ತೊಂದು ತೋರಿಸಿತು.

ಮಹಾರಾಜರು ಮಹಾಮಂತ್ರಿಗಳತ್ತ ನೋಡಿದರು. "ತಥಾಸ್ತುರಾಯರೇ, ನಾನು ಯಾರೆಂದು ನೀವಾದರೂ ಹೇಳ್ರೀ!"

ತಥಾಸ್ತುರಾಯರು ಒಮ್ಮೆ ಮಹಾರಾಜರನ್ನು, ಒಮ್ಮೆ ಮುಳ್ಳನ್ನು ನೋಡಿ, ಕೂಸಿನ ಕಡೆಗೆ ಬಾಗಿದರು. "ಹಿರಿಯರೇ, ಕಂಡವರ ಮಾತು ಕಟ್ಟಿಕೊಂಡು ರಾಜ್ಯವಾಳಬಾರದೆಂದು ಮಹಾರಾಜರ ಅಪ್ಪಣೆಯಿದೆ."

"ಯಾವ ಗಡಿ ದಾಟಿ ಬಂದಿರಿ?" ಎಂದು ಮೊಹರಯ್ಯ ಲೇಖನಿ ತೆಗೆದರು. ಸಂಜೆಯ ದೋಣಿಯಲ್ಲಿ ಒಂದು ಜಾಗ ಖಾಲಿಯಿತ್ತು.

ಪಟ್ಟಾಭಿಷೇಕ ಮರುದಿನವೇ ನಡೆಯಿತು. ಕಿರೀಟ ಕೊರಳಿಗೆ ಜಾರುತ್ತಿತ್ತಾದ್ದರಿಂದ ಅದರೊಳಗೇ ಹಾಸಿಗೆ ಹಾಕಿ ಪ್ರಭುಗಳನ್ನು ಮಲಗಿಸಿದರು. ಹಾಲವ್ವ ಅರಮನೆಯ ಬಾಗಿಲು ಬಡಿದಳು.

"ನನ್ನ ಕೂಸು ಕೊಡ್ರೀ! ಹಾಲು ಕುಡಿಯೋ ಹೊತ್ತಾತು!"

ಮೊಹರಯ್ಯನವರು ದಾಖಲೆ ತಿರುವಿದರು. "ಮಹಾರಾಜರ ತಾಯಿ ಎನ್ನುತ್ತೀಯಾ? ರಾಜಮಾತೆ ತೀರಿಕೊಂಡು ಇಪ್ಪತ್ತು ವರ್ಷವಾಯಿತು ಎಂದಿದೆ ಇಲ್ಲಿ. ನೀನು ಅವರೇ ಆಗಿದ್ದರೆ ನೀನು ಸತ್ತಿದ್ದೀ. ಸತ್ತಿಲ್ಲವಾದರೆ ನೀನು ತಾಯಿಯಲ್ಲ. ಯಾವುದು ಬರೆಯಲಿ, ಬೇಗ ಹೇಳು, ಹಿಂದೆ ಜನ ಇದ್ದಾರೆ."

ಒಳಗೆ ಕೂಸು ಅತ್ತಿತು. ಹಾಲವ್ವನ ಕುಪ್ಪಸ ಒದ್ದೆಯಾಯಿತು. ಮಹಾರಾಜರ ಹಾಲಿಗೆ ಟೆಂಡರ್ ಕರೆಯಲಾಗಿದೆ ಎಂದು ಕಾವಲುಗಾರ ಹೇಳಿದ.

ಅಂದಿನಿಂದ ಪ್ರಭುಗಳ ಅಳುವೇ ರಾಜಾಜ್ಞೆ. ಅದರ ಅರ್ಥವನ್ನು ತಥಾಸ್ತುರಾಯರು ಬಿಡಿಸಿ ಹೇಳುತ್ತಿದ್ದರು, ಯಾವ ಅಳುವಿನಲ್ಲೂ ಅವರಿಗೆ ಒಂದು ತೆರಿಗೆ ಕೇಳಿಸುತ್ತಿತ್ತು. ಇನ್ನೂ ಕಿರಿಯ ಮುಖ ಬರೆಯುವುದು ಅಸಾಧ್ಯವಾಗಿ, ಚಿತ್ರಕಾರ ಹುಟ್ಟಿದ ಮೇಲೆ ಮೊದಲ ಬಾರಿಗೆ ಕಂಡದ್ದನ್ನು ಕಂಡ ಹಾಗೆ ಬರೆಯತೊಡಗಿದ. ಅದರ ಮೇಲೆ ನಿಯಮದಂತೆ ಮೀಸೆ ಇಡುತ್ತಿದ್ದ. ಆದರೆ ಕೂಸಿನ ಮುಖ ತಿಂಗಳು ತಿಂಗಳಿಗೂ ಬದಲಾಗುತ್ತದಲ್ಲ? ಆದ್ದರಿಂದ ಪ್ರತಿ ಅಮಾವಾಸ್ಯೆಗೆ ಹಳೆಯ ಚೀಟಿ ರದ್ದು. ಪ್ರಜೆಗಳು ಶುಲ್ಕ ಕಟ್ಟಿ ಹೊಸದು ಪಡೆದು, ಮುಖವನ್ನು ಅದಕ್ಕೆ ತಕ್ಕಂತೆ ಅಪ್‌ಡೇಟ್ ಮಾಡಿಕೊಳ್ಳಬೇಕು. ಪ್ರಭುಗಳಿಗೆ ಹಲ್ಲಿಲ್ಲವೆಂದು ದೇಶಕ್ಕೆ ದೇಶವೇ ಹಲ್ಲು ಕೀಳಿಸಿಕೊಂಡಿತು. ಏಳನೆಯ ತಿಂಗಳು ಸುತ್ತೋಲೆ ಬಂತು: ಪ್ರಜೆಗಳು ತಮ್ಮ ವೆಚ್ಚದಲ್ಲಿ ಕೆಳದವಡೆಗೆ ಎರಡು ಹಲ್ಲು ಕಟ್ಟಿಸಿಕೊಳ್ಳತಕ್ಕದ್ದು.

ಸಾಲಿನಲ್ಲಿ ಜನ ಬೊಚ್ಚುಬಾಯಲ್ಲಿ ಗೊಣಗುತ್ತಿದ್ದರು. ಹೊಸ ಚೀಟಿಗೆ ಅವಸರವಿದ್ದದ್ದು ಒಬ್ಬಳಿಗೇ. ಹಾಲವ್ವ ಅದನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದಳು.

"ತಿಪ್ಪಮ್ಮಾ, ಇಲ್ನೋಡ. ಹಲ್ಲು ಬಂದಾವ ನನ್ನ ಈರಿಗೆ. ಎರಡು!"

"ನಕ್ಕಾಳಲ್ಲೇ," ಎಂದಳು ತಿಪ್ಪಮ್ಮ.

ಹಾಲವ್ವ ಹೆಬ್ಬೆರಳನ್ನು ನಾಲಿಗೆಗೆ ಒತ್ತಿ, ಚೀಟಿಯ ಮೇಲಿನ ಮೀಸೆಯನ್ನು ಮೆಲ್ಲಗೆ ಉಜ್ಜಿದಳು. ಅರ್ಧ ಅಳಿಸಿತ್ತು, ಕಾವಲುಗಾರ ಹಾರಿ ಬಂದ.

"ಏಯ್! ರಾಜಲಾಂಛನ ಅಳಿಸ್ತೀಯಾ? ಕೊಡಿಲ್ಲಿ! ದಂಡ ಕಟ್ಟಿ ಬೇರೆ ಚೀಟಿ ತಗೋ."

ಹಾಲವ್ವ ದಂಡ ಕಟ್ಟಿದಳು. ಬೇರೆ ಚೀಟಿ ಬಂತು. ಅದರಲ್ಲೂ ಮೀಸೆಯಿತ್ತು. ಕಾವಲುಗಾರ ಆಚೆ ತಿರುಗುವವರೆಗೆ ಕಾದು, ಅವಳು ಮತ್ತೆ ಹೆಬ್ಬೆರಳನ್ನು ನಾಲಿಗೆಗೆ ಒತ್ತಿದಳು.