ಅತ್ತೆ ಮತ್ತೆ ಕೆಕ್ಕರಿಸಿದ ವಿಷಯವಾಗಿ

ಸಂಜೆ ಏಳು ಗಂಟೆಯ ಧಾರಾವಾಹಿಯ ನಿರ್ದೇಶಕರ ಸನ್ನಿಧಾನಕ್ಕೆ,

ಮಾನ್ಯರೇ,

ತಮಗೂ, ತಮ್ಮ ಕ್ಯಾಮೆರಾದವರಿಗೂ, ವಿಶೇಷವಾಗಿ ನಡುನಡುವೆ ಸಿಡಿಲಿನ ಸದ್ದು ಹಾಕುವ ಆ ಪುಣ್ಯಾತ್ಮರಿಗೂ ನನ್ನ ಅನಂತ ನಮಸ್ಕಾರಗಳು. ನಾನು ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಮೂವತ್ತೊಂದು ವರ್ಷ ಕೂತು, ತಡವಾದ ಪ್ರತಿಯೊಂದು ಬಸ್ಸಿಗೂ ನನ್ನನ್ನೇ ಹೊಣೆ ಮಾಡಿದ ಸಾವಿರಾರು ಪ್ರಯಾಣಿಕರ ಸಿಡುಕು ಮೋರೆಗಳನ್ನು ಸಹಿಸಿಕೊಂಡು ನಿವೃತ್ತನಾದವನು. ಸಿಟ್ಟಿನ ಮುಖಗಳ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬ ಜಂಬ ತಮ್ಮ ಧಾರಾವಾಹಿ ಶುರುವಾಗುವವರೆಗೂ ನನಗಿತ್ತು.

ನನ್ನ ಅಕ್ಕನಿಗೆ ಏಳು ವರ್ಷಗಳಿಂದ ಕಣ್ಣು ಕಾಣುವುದಿಲ್ಲ. ಟಿವಿಯಲ್ಲಿ ಮಾತಿದ್ದಾಗ ಅವಳು ಕೇಳಿಸಿಕೊಳ್ಳುತ್ತಾಳೆ. ಮಾತಿಲ್ಲದಾಗ ಏನು ನಡೆಯುತ್ತಿದೆ ಎಂದು ಪಕ್ಕದಲ್ಲಿ ಕೂತು ಹೇಳುವುದು ನನ್ನ ಕೆಲಸ. ಬೇರೆ ಧಾರಾವಾಹಿಗಳಲ್ಲಿ ಜನ ಬಾಗಿಲು ತೆಗೆಯುತ್ತಾರೆ, ಮೆಟ್ಟಿಲಿಂದ ಬೀಳುತ್ತಾರೆ, ಹೇಳುವವನಿಗೂ ಸುಲಭ. ತಮ್ಮ ಕಲಾಕೃತಿಯಲ್ಲಿ ಮಾತ್ರ ಇಪ್ಪತ್ತೆರಡು ನಿಮಿಷಕ್ಕೆ ಆರು ನಿಮಿಷ ಮಾತು, ಮಿಕ್ಕಿದ್ದೆಲ್ಲ ಅತ್ತೆಯ ಮುಖ. ಸೊಸೆ ಲೋಟ ಕೆಳಗಿಟ್ಟರೂ ಅತ್ತೆಯ ಮುಖ, ಎತ್ತಿಟ್ಟರೂ ಅತ್ತೆಯ ಮುಖ. ಎಡದಿಂದ ಒಮ್ಮೆ, ಬಲದಿಂದ ಒಮ್ಮೆ, ಸಿಡಿಲಿನ ಸಮೇತ ಮೂರನೆಯ ಸಲ. ಒಂದೊಂದು ಸಿಡಿಲಿಗೂ ಅಕ್ಕ ನನ್ನ ಮೊಣಕೈ ತಿವಿದು "ಈಗೇನ್ ಮಾಡಿದ್ಲೋ?" ಎಂದು ಕೇಳುತ್ತಾಳೆ.

ಮೊದಲ ವಾರ ನಾನು ದರ್ಬಾರು ನಡೆಸಿದೆ. ಕೆಕ್ಕರಿಸಿದಳು ಎಂದೆ, ದುರುಗುಟ್ಟಿದಳು ಎಂದೆ, ಹುಬ್ಬು ಗಂಟಿಕ್ಕಿದಳು, ಮುಖ ಸಿಂಡರಿಸಿದಳು, ಮೂತಿ ತಿರುವಿದಳು, ತುಟಿ ಕೊಂಕಿಸಿದಳು, ಹರಳೆಣ್ಣೆ ಕುಡಿದ ಹಾಗೆ ಮಾಡಿದಳು ಎಂದೆಲ್ಲ ಕೈಬಿಚ್ಚಿ ಖರ್ಚು ಮಾಡಿದೆ. ಎರಡನೆಯ ವಾರದ ಗುರುವಾರಕ್ಕೆ ಡಬ್ಬಿ ಖಾಲಿ. "ಮತ್ತೆ ಕೆಕ್ಕರಿಸಿದ್ಲಾ? ಬೇರೆ ಕಸುಬಿಲ್ವಾ ಅವಳಿಗೆ?" ಎಂದು ಅಕ್ಕ ನನ್ನನ್ನೇ ಗದರಿದಳು. ಅಂದಿನಿಂದ ನಾನು ಪರದೆ ನೋಡುವುದನ್ನೇ ಬಿಟ್ಟು, ಇದ್ದ ಪದಗಳನ್ನು ಪಾಳಿಯ ಮೇಲೆ ದುಡಿಸತೊಡಗಿದೆ. ಕೆಕ್ಕರಿಸುವಿಕೆಗೆ ರಜೆ ಕೊಟ್ಟ ದಿನ ಹಲ್ಲು ಕಡಿಯುವಿಕೆಯನ್ನು ಕೆಲಸಕ್ಕೆ ಕರೆಯುತ್ತಿದ್ದೆ. ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ.

ನಮ್ಮ ಕೆಳಮನೆಯಲ್ಲಿ ಟೈಲರಮ್ಮ ಇದ್ದಾರೆ. ದಿನಾ ಬೆಳಿಗ್ಗೆ ಅವರ ಹೊಲಿಗೆ ಯಂತ್ರದ ಪಕ್ಕ ಕೂತು ಹಿಂದಿನ ದಿನದ ಕಥೆಯನ್ನು ಚರ್ಚಿಸುವುದು ಅಕ್ಕನ ಪದ್ಧತಿ. ಹೋದ ಸೋಮವಾರ ಅಕ್ಕ, ಅತ್ತೆ ಹಲ್ಲು ಕಡಿದಳೆಂದರೆ ಸೊಸೆಯ ಕಥೆ ಮುಗಿದಂತೆಯೇ ಎಂದು ಘೋಷಿಸಿದಳು. "ಹಲ್ಲು ಎಲ್ಲಿ ಕಡಿದ್ಲಮ್ಮಾ! ಮೂಗು ಮುರಿದ್ಲು ಅಷ್ಟೇ, ಕಿಟಕಿ ಪರದೆ ಬಣ್ಣ ಹಿಡಿಸ್ಲಿಲ್ಲ" ಎಂದರಂತೆ ಟೈಲರಮ್ಮ. ಬಟ್ಟೆ ಕೊಡಲು ಬಂದಿದ್ದ ನಾಲ್ಕು ಜನ ನಕ್ಕರಂತೆ.

ಅಕ್ಕ ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಳು. "ಏಳು ವರ್ಷ ನೀನ್ ಹೇಳಿದ್ದೆಲ್ಲ ನಂಬಿದೀನಿ ಕಣೋ. ಮೋಡ ಇದೆ ಅಂದ್ರೆ ಇದೆ, ಹಾಲು ಕೆಟ್ಟಿಲ್ಲ ಅಂದ್ರೆ ಕೆಟ್ಟಿಲ್ಲ. ಇನ್ಮೇಲೆ ಯಾವುದನ್ನ ನಂಬ್ಲಿ? ನಾಳೆಯಿಂದ ನಾನು ಕೆಳಗೇ ಕೂತ್ಕೊಂಡು ನೋಡ್ತೀನಿ" ಎಂದಳು. ಮಾನ್ಯರೇ, ನನ್ನ ಜೀವವೇ ಹೋದ ಹಾಗಾಯಿತು. ಅವಳಿಗೆ ನಾನು ಬೇಕು ಎಂಬ ಒಂದೇ ಕಾರಣಕ್ಕೆ ನಾನು ಈಗಲೂ ಹೊತ್ತಿಗೆ ಸರಿಯಾಗಿ ಎದ್ದು ಗಡ್ಡ ಕೆರೆದುಕೊಳ್ಳುವವನು.

ಆದ್ದರಿಂದ ತಮ್ಮಲ್ಲಿ ಕಳಕಳಿಯ ಬೇಡಿಕೆ ಏನೆಂದರೆ, ಆ ಮಹಾತಾಯಿ ಪ್ರತಿ ಸಲ ಮುಖ ಕೆಡಿಸಿಕೊಳ್ಳುವ ಮೊದಲು "ಈಗ ನಾನು ಮೂಗು ಮುರಿಯಲಿದ್ದೇನೆ" ಎಂದು ಸ್ಪಷ್ಟವಾಗಿ ಪ್ರಕಟಿಸಬೇಕು. ಅಷ್ಟು ಸಾಧ್ಯವಾಗದಿದ್ದರೆ ಸಿಡಿಲನ್ನಾದರೂ ವಿಂಗಡಿಸಿ, ಕೆಕ್ಕರಿಸಿದ್ದಕ್ಕೆ ಒಂದು, ಸಿಂಡರಿಸಿದ್ದಕ್ಕೆ ಎರಡು ಎಂಬಂತೆ ದಯಪಾಲಿಸಬೇಕು. ಅದೂ ಆಗದಿದ್ದರೆ ವಾರಕ್ಕೊಂದು ದಿನ ಅವರಿಗೆ ಕೊಡೆ ಹಿಡಿಸಿ ಮುಖ ಮುಚ್ಚಬೇಕು.

ಮೊನ್ನೆ ಇಷ್ಟು ಬರೆದು ಮುಗಿಸುವಷ್ಟರಲ್ಲಿ ಸಂಜೆ ಏಳಾಯಿತು, ಪತ್ರ ಅಲ್ಲಿಗೇ ನಿಂತಿತು. ಅಕ್ಕ ಕೆಳಗೆ ಹೊರಡಲು ಚಪ್ಪಲಿ ತಡಕುತ್ತಿದ್ದಳು. ನಾನು ಅವಳ ಕೈ ಹಿಡಿದು ಕೂರಿಸಿ, "ಇವತ್ತು ಹೇಳಲ್ಲ ಅಕ್ಕ, ತೋರಿಸ್ತೀನಿ" ಎಂದೆ. ಅತ್ತೆ ಮಾಡಿದ್ದನ್ನೆಲ್ಲ ನಾನೂ ಮಾಡಿದೆ, ಅಕ್ಕ ನನ್ನ ಹುಬ್ಬು, ಮೂಗು, ತುಟಿಗಳ ಮೇಲೆ ಬೆರಳಾಡಿಸಿ ನೋಡಿದಳು. "ಓಹೋ, ಎಡಗಡೆ ಹೊಳ್ಳೆ ಮಾತ್ರ ಅರಳಿಸ್ತಾಳೆ! ಬಲು ಘಾಟಿ ಇವಳು" ಎಂದು ಬಿದ್ದು ಬಿದ್ದು ನಕ್ಕಳು. ಆ ಹೊಳ್ಳೆ ಟೈಲರಮ್ಮನ ಕಣ್ಣಿಗೂ ಬಿದ್ದಿರಲಿಲ್ಲವೆಂದು ಮರುದಿನ ತಿಳಿಯಿತು.

ಜಾಹೀರಾತು ಬಂದಾಗ ನಾನು ಮುಖ ಸಡಿಲ ಬಿಟ್ಟೆ. ಅಕ್ಕನ ಬೆರಳು ಅಲ್ಲೇ ಇದ್ದವು. "ಇದು ಯಾರ್ದೋ?" ಎಂದಳು. ಇದು ನಂದೇ ಅಕ್ಕ ಎಂದೆ. ಅವಳು ಕೆನ್ನೆ ಸವರಿದಳು, ಮತ್ತೆ ಸವರಿದಳು, ಕೆನ್ನೆ ಇರಬೇಕಾದ ಜಾಗದಲ್ಲಿ ಮೂಳೆ ಸಿಕ್ಕಿತು. "ಚೆನ್ನಾಗಿದೀನಿ, ಹೊಟ್ಟೆ ತುಂಬ ಉಂಡೆ ಅಂತ ದಿನಾ ಹೇಳ್ತಿದ್ಯಲ್ಲೋ. ಅದೂ ಹೀಗೇನಾ?" ಎಂದು ಕೇಳಿ ಮುಖ ಗಂಟು ಹಾಕಿಕೊಂಡಳು. ಆ ಮುಖ ನೋಡಿ ನನಗೆ ಅಳು ಬಂತು, ಸಂತೋಷವೂ ಆಯಿತು. ಈಗ ಅವಳು ನನ್ನ ತಟ್ಟೆಯನ್ನೂ ಮುಟ್ಟಿ ನೋಡದೆ ಊಟಕ್ಕೆ ಕೂರುವುದಿಲ್ಲ.

ಆದಕಾರಣ ಮೇಲಿನ ಬೇಡಿಕೆಗಳನ್ನೆಲ್ಲ ಈ ಮೂಲಕ ಹಿಂತೆಗೆದುಕೊಂಡು, ಅತ್ತೆಯ ಮುಖವನ್ನು ಇನ್ನು ಮುಂದೆ ಮೂರರ ಬದಲು ಐದು ಸಲ ತೋರಿಸಬೇಕೆಂದು, ಸಾಧ್ಯವಾದರೆ ಸೊಸೆಯ ಮಾತನ್ನು ಪೂರ್ತಿ ಕತ್ತರಿಸಬೇಕೆಂದು ವಿನಂತಿಸುತ್ತೇನೆ.

ದವಡೆ ನೋವಿನ ನಡುವೆಯೂ
ತಮ್ಮ ವಿಶ್ವಾಸಿ,
ಅಕ್ಕನ ತಮ್ಮ

ಮರೆತ ಮಾತು: ಮುಂದಿನ ವಾರ ಅತ್ತೆಗೆ ಮನಃಪರಿವರ್ತನೆಯಾಗಿ ಒಳ್ಳೆಯವಳಾಗುತ್ತಾಳೆಂದು ಜಾಹೀರಾತಿನಲ್ಲಿ ನೋಡಿದೆ. ಹಾಗೇನಾದರೂ ಆದರೆ ಅಕ್ಕ, ಟೈಲರಮ್ಮ, ನಾನು, ಮೂವರೂ ತಮ್ಮ ಕಚೇರಿಗೆ ಬಂದು ತಮ್ಮೆದುರೇ ಕೂರುತ್ತೇವೆ. ಆಗ ನಮ್ಮ ಮುಖಗಳ ಮೇಲೆ ಕಾಣುವುದಕ್ಕೆ ಹೆಸರು ಹುಡುಕುವ ಕಷ್ಟ ತಮ್ಮದು.