ಗೇರ್‌ಬಾಕ್ಸಿನ ಹೊಟ್ಟೆಗೆ ಮೂತಿ ಒತ್ತಿದ ಬೋಲ್ಟಿನ ವಿನ್ಯಾಸಕಾರರಿಗೆ

ಮಾನ್ಯರೇ,

ಸಾಷ್ಟಾಂಗ ನಮಸ್ಕಾರಗಳು. ಈ ಪದವನ್ನು ನಾನು ಶಿಷ್ಟಾಚಾರಕ್ಕಾಗಿ ಬಳಸುತ್ತಿಲ್ಲ. ಕಳೆದ ಶನಿವಾರ, ಭಾನುವಾರ ಎರಡೂ ದಿನ ತಾವು ರೂಪಿಸಿದ ಕಾರಿನ ಕೆಳಗೆ ನಾನು ನೆಲಕ್ಕೆ ಮೈ ಹಚ್ಚಿ ಮಲಗಿದ್ದೆ. ಭಕ್ತರು ಬೋರಲು ಮಲಗುತ್ತಾರೆ, ನಾನು ಅಂಗಾತ ಮಲಗಿದ್ದೆ ಎಂಬುದನ್ನು ಬಿಟ್ಟರೆ ಭಕ್ತಿಯಲ್ಲಿ ಏನೂ ಕೊರತೆಯಿರಲಿಲ್ಲ. ಬಾಯಲ್ಲಿ ತಮ್ಮ ಸ್ಮರಣೆಯೇ ನಡೆದಿತ್ತು. ಆಗ ಬಳಸಿದ ವಿಶೇಷಣಗಳನ್ನು ಇಲ್ಲಿ ಬರೆಯುವುದು ಸಭ್ಯತೆಯಲ್ಲವೆಂದು ಕೈಬಿಟ್ಟಿದ್ದೇನೆ.

ನಾನು ವೃತ್ತಿಯಲ್ಲಿ ಹಲ್ಲಿನ ಡಾಕ್ಟರು. ನಮ್ಮ ಮನೆಯ ಕಾರು ಮಾವನವರ ಕಾಲದ್ದು. ಅವರು ಹೋದ ಮೇಲೂ ಅದು ಓಡುತ್ತಲೇ ಇದೆ, ಆದರೆ ಉಬ್ಬು ಹತ್ತಿದರೆ ‘ಲೊಟಕ್’, ಇಳಿದರೆ ‘ಲೊಟಕ್’. ಚಕ್ರವನ್ನು ಹಿಡಿದ ಕಬ್ಬಿಣದ ತೋಳು ಕಾರಿನ ಮೈಗೆ ಸೇರುವ ಕಡೆ ತಾವು ಕೂರಿಸಿರುವ ರಬ್ಬರಿನ ಬುಷ್‌ಗಳು ಸವೆದು, ಬಿರಿದು, ಮುದಿ ಒಸಡಿನಂತೆ ಜೋತು ಬಿದ್ದಿರುವುದನ್ನು ನಾನು ಟಾರ್ಚು ಹಿಡಿದು ಬಗ್ಗಿ ನೋಡಿ ಪತ್ತೆ ಮಾಡಿದೆ. ನಮ್ಮ ಯಜಮಾನರು ವಿಮಾ ಏಜೆಂಟರು, ಹಾಗಾಗಿ ಎಲ್ಲದರಲ್ಲೂ ಮೊದಲು ಅಪಾಯವನ್ನೇ ಕಾಣುವವರು. ಅವರು ಆಗಲೇ ಗುಜರಿಯವನಿಗೆ ಫೋನು ಮಾಡಿ, ಭಾನುವಾರ ಸಂಜೆ ಬಂದು ಕಾರು ತೆಗೆದುಕೊಂಡು ಹೋಗೆಂದು ಹೇಳಿಬಿಟ್ಟಿದ್ದರು. ಅಷ್ಟರೊಳಗೆ ಸದ್ದು ನಿಂತರೆ ಕಾರು ಉಳಿಯಲಿ, ನಿಲ್ಲದಿದ್ದರೆ ಹೋಗಲಿ ಎಂದು ನಾನು ಪಟ್ಟು ಹಿಡಿದೆ. ನಿತ್ಯ ಹತ್ತಾರು ಹಲ್ಲು ಕೀಳುವವಳಿಗೆ ಒಂದು ರಬ್ಬರು ಕೀಳುವುದು ಯಾವ ಮಹಾ ಕೆಲಸ ಎಂದೂ ಸೇರಿಸಿದೆ.

“ಅದೇನು ಹಲ್ಲು ಅಂದ್ಕೊಂಡ್ಯಾ, ‘ಆ’ ಅನ್ನಿ ಅಂದ ತಕ್ಷಣ ಬಾಯಿ ಬಿಡೋಕೆ?” ಎಂದರು ಯಜಮಾನರು.

ಕಾರನ್ನು ಜಾಕಿನಿಂದ ಎತ್ತಿ, ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ಕೂರಿಸಿ, ಬಲಗಡೆಯಿಂದ ಶುರು ಮಾಡಿದೆ. ಆ ಕಡೆಯ ಬೋಲ್ಟು ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಬಂತು. ಮಾನ್ಯರೇ, ತಮ್ಮ ಮುಂದಾಲೋಚನೆಗೆ ನಾನು ತಲೆಬಾಗುವುದು ಇಲ್ಲಿಯೇ. ಮೊದಲ ಬೋಲ್ಟನ್ನು ಸುಲಭವಾಗಿಟ್ಟು ಮನುಷ್ಯನಿಗೆ ಸೊಕ್ಕು ಬರಿಸಬೇಕು, ಎರಡನೆಯದರಲ್ಲಿ ಅದನ್ನು ಇಳಿಸಬೇಕು ಎಂಬುದು ಸಾಮಾನ್ಯ ಎಂಜಿನಿಯರಿಗೆ ಹೊಳೆಯುವ ತತ್ತ್ವವಲ್ಲ.

ಎಡಗಡೆಯ ಬೋಲ್ಟು ತುಕ್ಕು ಹಿಡಿದಿತ್ತು. ಎಣ್ಣೆ ಹೊಡೆದೆ, ಕಾದೆ, ಬೇಡಿಕೊಂಡೆ. ಕೊನೆಗೆ ಸ್ಪ್ಯಾನರಿನ ಬಾಲಕ್ಕೆ ಉದ್ದದ ಪೈಪು ತೂರಿಸಿ ಎಳೆದಾಗ ಅದು ‘ಕಿರ್ರ್’ ಎಂದು ತಿರುಗಿತು, ನಾನು ‘ಬಂತು!’ ಎಂದು ಕೂಗಿದೆ. ಬಂದಿದ್ದು ನಿಜ, ಆದರೆ ಮುಕ್ಕಾಲು ಮಾತ್ರ. ಪೂರ್ತಿ ಹೊರಬರಲು ಇನ್ನೊಂದು ಹೆಬ್ಬೆರಳ ಅಗಲದ ಜಾಗ ಬೇಕಿತ್ತು, ಆ ಜಾಗದಲ್ಲಿ ತಾವು ಗೇರ್‌ಬಾಕ್ಸನ್ನು ಇಟ್ಟಿದ್ದೀರಿ. ಹಿಂದಕ್ಕೆ ತಳ್ಳಿದರೆ ತೋಳು ಬಿಡದು, ಮುಂದಕ್ಕೆ ಎಳೆದರೆ ಗೇರ್‌ಬಾಕ್ಸು ಬಿಡದು. ಅತ್ತ ದರಿ ಇತ್ತ ಪುಲಿ ಎಂಬ ಮಾತನ್ನು ಶಾಲೆಯಲ್ಲಿ ಓದಿದ್ದೆ, ಅದಕ್ಕೆ ಉದಾಹರಣೆಯನ್ನು ತಾವು ಕಬ್ಬಿಣದಲ್ಲಿ ಎರಕ ಹೊಯ್ದು ಕೊಟ್ಟಿರಿ. ಇದನ್ನು ತಾವು ಬೇಕೆಂದೇ ಮಾಡಿದ್ದೀರೆಂದು ನಾನು ಹೇಳುವುದಿಲ್ಲ. ಕಾರ್ಖಾನೆಯಲ್ಲಿ ಮೊದಲು ಬೋಲ್ಟು ಹಾಕಿ, ಆಮೇಲೆ ಎಂಜಿನ್ ಇಳಿಸಿ, ಎಲ್ಲರೂ ಕೈಕುಲುಕಿ ಊಟಕ್ಕೆ ಹೋಗಿರುತ್ತೀರಿ. ಇದನ್ನು ಬಿಚ್ಚುವ ಪ್ರಾಣಿಯೊಂದು ಮುಂದೆಂದಾದರೂ ಭೂಮಿಯ ಮೇಲೆ ಹುಟ್ಟಬಹುದೆಂದು ಆ ಸಂತೋಷದಲ್ಲಿ ಯಾರಿಗೂ ತೋಚಿರಲಿಕ್ಕಿಲ್ಲ.

ಅಂತೂ ಒಂದು ರಬ್ಬರಿಗಾಗಿ ಎಂಜಿನ್ ಎತ್ತಬೇಕಾಯಿತು. ಹಲ್ಲುನೋವೆಂದು ಬಂದವರಿಗೆ ‘ಮೊದಲು ನಿಮ್ಮ ಮಂಡಿ ಬಿಚ್ಚಬೇಕು’ ಎಂದು ನಾನು ಹೇಳಿದ್ದರೆ ನನ್ನ ಬೋರ್ಡು ಎಂದೋ ಬೀದಿಗೆ ಬೀಳುತ್ತಿತ್ತು, ತಮಗೆ ಬಹುಶಃ ಬಡ್ತಿ ಸಿಕ್ಕಿದೆ. ಇನ್ನೊಂದು ಜಾಕಿನ ಮೇಲೆ ಮರದ ತುಂಡಿಟ್ಟು ಎಂಜಿನ್ನಿಗೆ ಆಸರೆ ಕೊಟ್ಟು, ಅದನ್ನು ಹಿಡಿದಿದ್ದ ಮೌಂಟನ್ನು ಬಿಚ್ಚಿ, ಕೂದಲೆಳೆಯಷ್ಟಷ್ಟೇ ಎತ್ತುತ್ತಾ ಹೋದೆ. ಅಪಾಯದ ಬಗ್ಗೆ ಭಾಷಣ ಮಾಡಲು ಬಂದಿದ್ದ ಯಜಮಾನರು ಯಾವ ಮಾಯದಲ್ಲೋ ತಾವೇ ಮಂಡಿಯೂರಿ ಜಾಕಿನ ಹಿಡಿ ಹಿಡಿದಿದ್ದರು. “ಸಾಕಾ? ಇನ್ನೂ ಬೇಕಾ? ಕೈ ತೆಗಿ ಮೊದ್ಲು, ಕೈ ತೆಗಿ!” ಬೋಲ್ಟು ಠಣ್ಣನೆ ನೆಲಕ್ಕೆ ಬಿತ್ತು. ಇಬ್ಬರೂ ಅದನ್ನು ಹೆರಿಗೆಯಾದ ಕೂಸಿನಂತೆ ನೋಡಿದೆವು.

ಹಳೆಯ ಬುಷ್ಷನ್ನು ಗರಗಸದಿಂದ ಸೀಳಿ ತೆಗೆದೆ. ಹೊಸದನ್ನು ತಣ್ಣಗೆ ಮಾಡಿದರೆ ಅದರ ಲೋಹ ತುಸು ಕುಗ್ಗಿ ಸುಲಭವಾಗಿ ಒಳಹೋಗುತ್ತದೆಂದು ಕೇಳಿದ್ದರಿಂದ ಫ್ರೀಜರಿನಲ್ಲಿ ಇಟ್ಟಿದ್ದೆ. ನಮ್ಮ ಅತ್ತೆಯವರು ಐಸು ತೆಗೆಯಲು ಹೋಗಿ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದರು. “ಏನಮ್ಮಾ ಇದು, ಯಾರದ್ದಾದ್ರೂ ದವಡೆನಾ?” ಎಂದು ಕೇಳಿದರು. ಅಲ್ಲವೆಂದು ನಂಬಿಸಿ, ಸೋಪಿನ ನೀರು ಸವರಿ, ಉದ್ದನೆಯ ಬೋಲ್ಟಿಗೆ ದಪ್ಪ ವಾಷರುಗಳನ್ನು ಹಾಕಿ ಸುತ್ತುತ್ತಾ ಅದನ್ನು ತೋಳಿನೊಳಗೆ ತುರುಕಿದೆ. ಕೈ ಕೆಸರಾದರೆ ಬಾಯಿ ಮೊಸರೆನ್ನುತ್ತಾರೆ. ನನ್ನ ಕೈ ಗ್ರೀಸಾಗಿತ್ತು, ಬಾಯಿಗೆ ಬಂದದ್ದು ಸೋಪಿನ ನೊರೆ.

ಎಲ್ಲವನ್ನೂ ಜೋಡಿಸಿ, ಬಿಗಿಮಾಡಿ, ಕೈ ತೊಳೆದು ಬಂದ ಮೇಲೆ ತಮ್ಮ ಕೈಪಿಡಿಯ ತಳದಲ್ಲಿ ಇರುವೆಗಷ್ಟೇ ಓದಲು ಬರುವ ಅಕ್ಷರದ ಸಾಲೊಂದು ಕಣ್ಣಿಗೆ ಬಿತ್ತು. ಕೊನೆಯ ಬಿಗಿತವನ್ನು ಚಕ್ರಗಳ ಮೇಲೆ ಕಾರಿನ ಭಾರ ಬಿದ್ದಿರುವಾಗಲೇ ಕೊಡಬೇಕಂತೆ, ಗಾಳಿಯಲ್ಲಿ ತೂಗುವಾಗ ಬಿಗಿದರೆ ರಬ್ಬರು ತಿರುಚಿಕೊಂಡು ಬೇಗ ಹರಿಯುವುದಂತೆ. ಅಂದರೆ ಕೈ ಆಡುವ ಜಾಗವಿದ್ದಾಗ ಬಿಗಿಯಬಾರದು, ಜಾಗವಿಲ್ಲದಾಗ ಬಿಗಿಯಬೇಕು. ತಮ್ಮ ವಿವೇಕಕ್ಕೆ ಕೈಮುಗಿದು, ಎಲ್ಲ ಸಡಿಲಿಸಿ, ಚಕ್ರಗಳ ಕೆಳಗೆ ದಪ್ಪ ಹಲಗೆ ಪೇರಿಸಿ ಕಾರನ್ನು ಅದರ ಮೇಲಿಳಿಸಿ, ಉಳಿದ ಸಂದಿನಲ್ಲಿ ಹಲ್ಲಿಯಂತೆ ತೆವಳಿ ಮತ್ತೆ ಬಿಗಿದೆ. ಮುಂದಿನ ಮಾದರಿಯನ್ನು ರೂಪಿಸುವಾಗ ಮೊಣಕೈಯಲ್ಲಿ ಇನ್ನೆರಡು ಕೀಲುಗಳಿರುವ ಗ್ರಾಹಕರನ್ನೂ ತಮ್ಮ ಕಂಪನಿಯೇ ತಯಾರಿಸಿ ಜೊತೆಗೆ ಕೊಡಬೇಕೆಂದು ವಿನಮ್ರವಾಗಿ ಕೋರುತ್ತೇನೆ.

ಸಂಜೆ ಗುಜರಿಯವನು ಬಂದಾಗ ಯಜಮಾನರು ಕಾರನ್ನು ತಾವೇ ತೆಗೆದುಕೊಂಡು ಹೋಗಿ ಬೀದಿಯ ಉಬ್ಬುಗಳ ಮೇಲೆ ಹೋದರು, ಬಂದರು, ಮತ್ತೆ ಹೋದರು. ಸದ್ದೇ ಇಲ್ಲ. ಇಳಿದವರು ಬಾನೆಟ್ಟಿನ ಮೇಲೆ ಕೈಯಿಟ್ಟು, “ಇದು ಕೊಡೋ ಗಾಡಿ ಅಲ್ಲ ಕಣಯ್ಯಾ, ಎಂಜಿನ್ ಎತ್ತಿದ್ದೀವಿ ಇದಕ್ಕೆ,” ಎಂದರು. ಆ ‘ಎತ್ತಿದ್ದೀವಿ’ಯನ್ನು ನಾನು ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಟ್ಟೆ. ಅವನು ಟೀ ಕುಡಿದು ಹೋದ.

ಇಷ್ಟಕ್ಕೇ ಮುಗಿದಿದ್ದರೆ ಇದು ದೂರಿನ ಪತ್ರವಾಗುತ್ತಿರಲಿಲ್ಲ. ಸೋಮವಾರ ಬೆಳಿಗ್ಗೆ ಅತ್ತೆಯವರನ್ನು ಹಿಂದೆ ಕೂರಿಸಿಕೊಂಡು ಹೊರಟೆ. ಕಾರು ನಿಶ್ಶಬ್ದವಾಗಿ ತೇಲಿತು. ಆ ನಿಶ್ಶಬ್ದದಲ್ಲಿ ಹಿಂದಿನ ಸೀಟಿನಿಂದ ಸಣ್ಣ ದನಿಯೊಂದು ಎಡೆಬಿಡದೆ ಹರಿದು ಬಂತು: “ನಿಧಾನ... ಎಡಕ್ಕೆ... ಸೈಕಲ್ಲು ನೋಡು... ಹಾಕು ಬ್ರೇಕು... ಇವಳಿಗೆ ಯಾರು ಕಲಿಸಿದ್ರೋ!”

“ಮಾವನೋರೇ ಕಲಿಸಿದ್ದು, ಅತ್ತೆ,” ಎಂದೆ.

ಅವರು ಬೆಚ್ಚಿಬಿದ್ದರು. “ಅಯ್ಯೋ, ನಿಂಗೆ ಕೇಳಿಸ್ತಾ? ಅವ್ರಿಗೂ ಹೀಗೇ ಹೇಳ್ತಾ ಇದ್ದೆ. ಪಾಪ, ಆ ಲೊಟಕ್ ಲೊಟಕ್‌ನಲ್ಲಿ ಅವ್ರಿಗೆ ಒಂದಿನಾನೂ ಕೇಳಿಸ್ಲಿಲ್ಲ.”

ಮಾನ್ಯರೇ, ಮನೆಯ ನಲ್ಲಿ ಒಂದು ಹನಿ ತೊಟ್ಟಿಕ್ಕಿದರೂ ಅಂದೇ ರಿಪೇರಿ ಮಾಡುತ್ತಿದ್ದ ಮನುಷ್ಯ ನಮ್ಮ ಮಾವ. ಅವರು ಆ ಬುಷ್ಷನ್ನು ಮಾತ್ರ ಯಾಕೆ ಮುಟ್ಟಲಿಲ್ಲವೆಂಬುದು ನನಗೆ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಥಟ್ಟನೆ ಹೊಳೆಯಿತು. ದಯವಿಟ್ಟು ಚೆನ್ನಾಗಿ ಸವೆದ ಒಂದು ಜೊತೆ ಬುಷ್ ಕೂಡಲೇ ಕಳಿಸಿಕೊಡಿ.

ಸೊಂಟಕ್ಕೆ ಬಿಸಿನೀರಿನ ಚೀಲ ಕಟ್ಟಿಕೊಂಡು ಬರೆಯುತ್ತಿರುವ,
ತಮ್ಮ ವಿಶ್ವಾಸಿ,
ಹಲ್ಲಿನ ಡಾಕ್ಟರು

ತಾ.ಕ.: ತಾವು ಈ ಕಡೆ ಬಂದರೆ ಖಂಡಿತ ಮನೆಗೆ ಬನ್ನಿ. ಊರು ಸುತ್ತಲು ಕಾರು ಕೊಡುತ್ತೇನೆ, ತಾವೇ ಓಡಿಸಬಹುದು. ಅತ್ತೆ ಹಿಂದೆ ಕೂರುತ್ತಾರೆ.