ರೈಲಿನ ಸಂಗಾಟ ರೇಸ್

ನಮ್ಮ ಮಾಮಾ, ಅಂದರೆ ಅತ್ತೆಯ ಗಂಡ, ಇಡೀ ರೈಲ್ವೆ ಇಲಾಖೆಯನ್ನು ವಾರಕ್ಕೆ ಮೂರು ಸಲವಾದರೂ ಸೋಲಿಸುತ್ತಿದ್ದರು. ನಂಬುವುದಿಲ್ಲವೇ? ವಾಡಿ ಸ್ಟೇಷನ್ನಿನ ಹೊರಗಿನ ಚಹಾದಂಗಡಿಯಲ್ಲಿ ಕೇಳಿ ನೋಡಿ!

ಅವರು ಹುಟ್ಟಿ ಬೆಳೆದದ್ದು ರಂಗೂನಿನಲ್ಲಿ. ಅಲ್ಲಿ ಮೋಟಾರು ರೇಸಿನಲ್ಲಿ ಎರಡನೆಯವರಾಗಿ ಬಂದಿದ್ದರಂತೆ.

"ಎಷ್ಟ್ ಮೋಟಾರ್ ಇದ್ವು ಮಾಮಾ?"

"ಎರಡ. ಮೂರನೇದಿದ್ರ ಅದು ನನ್ ಹಿಂದ ಇರ್ತಿತ್ತು!"

ವಿಶಾಲ ಮೈಸೂರು ರಾಜ್ಯವಾದ ಹೊಸತರಲ್ಲಿ ಹಡಗಿನಿಂದ ಮದ್ರಾಸಿನಲ್ಲಿ ಇಳಿದು, ಮುಂಬಯಿಯಲ್ಲಿ ರೇಸ್ ಓಡಿಸಿ ಹೆಸರು ಮಾಡುವೆನೆಂದು ರೈಲು ಹತ್ತಿದವರು ವಾಡಿಯಲ್ಲಿ ಚಹಾಕ್ಕೆ ಇಳಿದರು. ಚಹಾ ಸುಡುತ್ತಿತ್ತು, ಬಸಿಗೆ ಸುರಿದು ಊದಿ ಊದಿ ಕುಡಿದರು. ಗಾಡಿ ಹೋಯಿತು. ಇವರು ಹೋಗಲಿಲ್ಲ. ನೆಲಕ್ಕೆ ಹಾಸುವ ಫರಸಿ ಕಲ್ಲಿನ ಲಾರಿ ಓಡಿಸಿದರು, ನಮ್ಮ ಅತ್ತೆಯನ್ನು ಮದುವೆಯಾದರು, ಹಳೆಯದೊಂದು ಜೀಪು ಕೊಂಡರು.

ಆ ಜೀಪಿನ ವ್ಯಾಪಾರ ಒಂದೇ: ವಾಡಿಯಲ್ಲಿ ರೈಲು ತಪ್ಪಿದವರನ್ನು, ಅದೇ ರೈಲಿಗಿಂತ ಮೊದಲು ಚಿತ್ತಾಪುರ ಸ್ಟೇಷನ್ನಿಗೆ ಮುಟ್ಟಿಸುವುದು! ರೈಲು ಇನ್ನೂ ನಿಂತಿರುವಾಗ ಯಾರಾದರೂ ಜೀಪು ಹತ್ತಿದರೆ ಮಾಮಾಗೆ ಸಿಟ್ಟು ನೆತ್ತಿಗೇರುತ್ತಿತ್ತು.

"ಇಳೀರಿ ಕೆಳಗ! ಗಾಡಿ ಹೋಗ್ಲಿ, ಆಮ್ಯಾಲ ಬರ್ರಿ. ನಿಂತ ರೈಲಿನ ಸಂಗಾಟ ಎಂಥಾ ರೇಸ್?"

ಕೊನೆಯ ಡಬ್ಬಿ ಸಿಗ್ನಲ್ ದಾಟುವವರೆಗೆ ಕೈಕಟ್ಟಿ ನಿಲ್ಲುವರು. ಅದು ರೈಲಿಗೆ ಕೊಡುವ ಮರ್ಯಾದೆಯಂತೆ! ಆಮೇಲೆ ಮೂರನೇ ಗೇರು, ಬರೀ ಧೂಳು. ಒಮ್ಮೆ ಶಹಾಬಾದಿನ ಸಾಹುಕಾರರೊಬ್ಬರ ತಲೆಯ ರುಮಾಲು ಹಾರಿ ಹೊಲಕ್ಕೆ ಬಿತ್ತು. ನಿಲ್ಲಿಸಿರೆಂದು ಬೊಬ್ಬೆ ಹೊಡೆದರು.

"ರುಮಾಲ ಮುಂದಿನ ಗಾಡಿಗಿ ಬರ್ತದ್ರೀ," ಎಂದರು ಮಾಮಾ.

ಒಂದು ಜೀಪು ನಾಲ್ಕಾಯಿತು. ರೈಲು ಕೂಗಿದರೂ ಜನ ಚಹಾದ ಬಸಿ ಕೆಳಗಿಡದಂತಾದರು. ಒಂದೇ ಒಂದು ಸಲ ಸೋತರೂ ಈ ನಂಬಿಕೆ ಹೋದೀತೆಂದು ಮಾಮಾಗೆ ಗೊತ್ತಿತ್ತು. ಎಲ್ಲವನ್ನೂ ತಾರೀಖು ಸಮೇತ ಬರೆದಿಡುವ ಚಟದ ನನ್ನ ಲೆಕ್ಕದಲ್ಲಂತೂ ಅವರು ಸೋತದ್ದೇ ಇರಲಿಲ್ಲ.

ಅವರ ಒಬ್ಬಳೇ ಮಗಳ ಮದುವೆಯಾಯಿತು. ಅವಳು ಗಂಡನೊಂದಿಗೆ ಹೈದರಾಬಾದಿಗೆ ಹೊರಡುವ ದಿನ, ಅತ್ತೆ ಬುತ್ತಿ ಕಟ್ಟಿ, ಅತ್ತು, ಮತ್ತೆ ಬುತ್ತಿ ಬಿಚ್ಚಿ ಉಪ್ಪಿನಕಾಯಿ ಸೇರಿಸುವಷ್ಟರಲ್ಲಿ ರೈಲು ಹೋಗಿಯೇ ಬಿಟ್ಟಿತು.

"ಅದಕ್ಕೇನ್ ಚಿಂತಿ? ಇವ್ರು ಅದಾರಲ್ಲ!" ಎಂದರು ಅತ್ತೆ. ಮಗಳು, ಅಳಿಯ, ನಾನು ಜೀಪು ಹತ್ತಿದೆವು.

ಅಂದು ಮಾಮಾ ಎಮ್ಮೆಗಳಿಗೆ ದಾರಿ ಬಿಟ್ಟರು. ಆಡುಗಳಿಗೆ ಬಿಟ್ಟರು. ರಸ್ತೆ ದಾಟಲೋ ಬೇಡವೋ ಎಂದು ಒಂದು ಕೋಳಿ ನಿರ್ಧರಿಸುವವರೆಗೂ ಕಾದರು! ಕಲ್ಲಿನ ಗಣಿಯ ಪಕ್ಕ ನಿಲ್ಲಿಸಿ, ಫರಸಿ ಹೇಗೆ ಸೀಳುತ್ತಾರೆಂದು ಅಳಿಯನಿಗೆ ಪಾಠ ಮಾಡಿದರು.

"ಮಾವಾರ, ಜರಾ ಜಲ್ದಿ..." ಅಳಿಯ ಗಡಿಯಾರ ನೋಡಿಕೊಂಡ.

"ಹೊಂಟೇವಲ್ರೀ!"

ಚಿತ್ತಾಪುರ ಮುಟ್ಟಿದಾಗ ಪ್ಲಾಟ್‌ಫಾರಂ ಖಾಲಿ. ಸ್ಟೇಷನ್ ಮಾಸ್ತರರು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು. "ಏನ್ರೀ ಇದು! ನೀವು ಸೋತ್ರ್ಯಾ?"

ಹಮಾಲರು, ಟಾಂಗಾದವರು ಎಲ್ಲ ಬಂದು ನೆರೆದಿದ್ದರು. ಅಷ್ಟೂ ಜನರೆದುರು ಮಾಮಾ ಹೇಳಿದರು, "ಹೌದ್ರೀ, ಸೋತೆ. ರೈಲಿನ ಇಂಜಿನ್ ಇವತ್ತ ಭಾಳ ಹುರುಪಿನಾಗ ಇತ್ತು."

ಮುಂದಿನ ಗಾಡಿ ಮರುದಿನ. ಜೀಪು ವಾಡಿಯ ಕಡೆ ತಿರುಗಿತು. ಸ್ವಲ್ಪ ದೂರ ಬಂದ ಮೇಲೆ ಮಗಳು ಮುಂದೆ ಬಾಗಿ ಮೆಲ್ಲಗೆ ಕೇಳಿದಳು, "ಅಪ್ಪಾ, ಬರೋವಾಗ ಮೂರನೇ ಗೇರ್ ಹಾಕ್ಲೇ ಇಲ್ಲಲ್ಲ. ಎಲ್ಲಿ ಹೋತು ಅದು?"

ಮಾಮಾ ಹಿಂದಕ್ಕೆ ತಿರುಗಲಿಲ್ಲ.

"ಮನ್ಯಾಗ ಬಿಟ್ಟ ಬಂದೀನವ್ವ," ಎಂದರು. "ಹುಡುಕ್ಬೇಕಂದ್ರ ಒಂದ್ ರಾತ್ರಿನರ ಬೇಕು."